ಮ್ಯಾಡ್‌ನೆಸ್ ಅಭಿಮಾನಿ ಪತ್ರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಲಂಡನ್ನಿನ ಮ್ಯಾಡ್‌ನೆಸ್ ತಂಡದ ಬಗ್ಗೆ ಅಭಿಮಾನಿಗಳೇ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಹಂಚುವ ಪುಟ್ಟ ಪತ್ರಿಕೆಗೆ ಅಲ್ಲಿ ಫ್ಯಾನ್‌ಝೀನ್ ಎನ್ನುತ್ತಾರೆ. ಆಡುಮಾತಿನಲ್ಲಿ ಬರೀ ಝೀನ್. ಬ್ರಿಟನ್ನಿನಲ್ಲಿದ್ದು ಅಂಥದ್ದನ್ನು ತರಲು ಹೊರಟವರು, ಅದಕ್ಕೆ ಬರೆಯುವವರು ಕೇಳುವ ಪ್ರಶ್ನೆಗಳು ಇವು. ಕಾನೂನಿನ ಮಾತು ಬಂದಲ್ಲೆಲ್ಲ ಅದು ಅಲ್ಲಿನ ಕಾನೂನು.

ತಂಡ ಗೊತ್ತಿಲ್ಲದವರಿಗೆ ನಾಲ್ಕು ಮಾತಿನಲ್ಲಿ ಏನು ಹೇಳಬೇಕು?

1976ರಲ್ಲಿ ಕ್ಯಾಮ್ಡೆನ್ ಟೌನ್ ಕಡೆಯ ಹುಡುಗರು ನಾರ್ತ್ ಲಂಡನ್ ಇನ್ವೇಡರ್ಸ್ ಎಂಬ ಹೆಸರಿನಲ್ಲಿ ಕಟ್ಟಿದ ಸ್ಕಾ ಮತ್ತು ಪಾಪ್ ತಂಡ. 1979ರಲ್ಲಿ ಜಮೈಕಾದ ಪ್ರಿನ್ಸ್ ಬಸ್ಟರ್ ಅವರ ಹಾಡೊಂದರ ಹೆಸರನ್ನೇ ತಮ್ಮದಾಗಿಸಿಕೊಂಡರು. ಹಾಡುವವರು ಸಗ್ಸ್, ಅಂದರೆ ಗ್ರಹಾಂ ಮೆಕ್‌ಫರ್ಸನ್. ಕೀಬೋರ್ಡ್ ಮೈಕ್ ಬಾರ್ಸನ್, ಗಿಟಾರ್ ಕ್ರಿಸ್ ಫೋರ್‌ಮನ್, ಬೇಸ್ ಮಾರ್ಕ್ ಬೆಡ್‌ಫರ್ಡ್, ಸ್ಯಾಕ್ಸೊಫೋನ್ ಲೀ ಥಾಂಪ್ಸನ್, ಡ್ರಮ್ಸ್ ಡಾನ್ ವುಡ್‌ಗೇಟ್. ಕುಣಿತ, ಕೂಗು, ಟ್ರಂಪೆಟ್ ಎಲ್ಲವೂ ಚಾಸ್ ಸ್ಮ್ಯಾಶ್ ಅವರದು. 1986ರಲ್ಲಿ ತಂಡ ಒಡೆಯಿತು. 1992ರ ಆಗಸ್ಟ್ 8 ಮತ್ತು 9ರಂದು ಫಿನ್ಸ್‌ಬರಿ ಪಾರ್ಕಿನ ಮ್ಯಾಡ್‌ಸ್ಟಾಕ್ ಎಂಬ ಬಯಲು ಸಂಗೀತೋತ್ಸವದಲ್ಲಿ ಏಳೂ ಜನ ಮತ್ತೆ ಒಂದೇ ವೇದಿಕೆ ಹತ್ತಿದರು. 2014ರಲ್ಲಿ ಚಾಸ್ ಸ್ಮ್ಯಾಶ್ ಹೊರಬಂದ ಮೇಲೆ ಉಳಿದ ಆರು ಜನ ತಂಡವನ್ನು ನಡೆಸಿಕೊಂಡು ಬಂದಿದ್ದಾರೆ.

ಇಷ್ಟು ಪರಿಚಯ ಒಳರಕ್ಷಾಪುಟದಲ್ಲಿ ಒಮ್ಮೆ ಬಂದರೆ ಸಾಕು. ಪ್ರತಿ ಸಂಚಿಕೆಯಲ್ಲೂ ಮತ್ತೆ ಮತ್ತೆ ಹಾಕಿದರೆ, ಎಲ್ಲ ಗೊತ್ತಿದ್ದೇ ದುಡ್ಡು ಕೊಟ್ಟು ತರಿಸುವ ಓದುಗರಿಗೆ ಬೇಸರವಾಗುತ್ತದೆ.

ಸ್ಕಾ ಅಂದರೆ ರೆಗ್ಗೆಯೇ?

ರೆಗ್ಗೆಯ ಅಣ್ಣ. 1950ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ್ದು ಸ್ಕಾ. 1966ರ ಹೊತ್ತಿಗೆ ಅದರ ಓಟ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು, 1968ರ ಸುಮಾರಿಗೆ ರೆಗ್ಗೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸುವುದು ಸುಲಭ: ಆದಿತಾಳದಲ್ಲಿ ಸಮ ಬಿಟ್ಟು ಅರ್ಧ ಅಕ್ಷರ ತಡೆದು ಎತ್ತಿಕೊಳ್ಳುವ ಕೃತಿಗಳಿವೆಯಲ್ಲ, ಅಲ್ಲಿ ಎಡುಪು ಬೀಳುವ ಜಾಗದಲ್ಲೇ ಸ್ಕಾದ ಗಿಟಾರ್, ಪಿಯಾನೊ ಬೀಳುತ್ತವೆ. ಒಂದು ವ್ಯತ್ಯಾಸ, ಇಲ್ಲಿ ಪ್ರತಿ ಪೆಟ್ಟಿನ ನಂತರವೂ ಹಾಗೇ. ಕೈ ತಟ್ಟುವಾಗ ಅಲ್ಲ, ಕೈ ಮೇಲೆತ್ತಿದಾಗ ಗಿಟಾರು ಚುರುಕ್ ಎನ್ನುತ್ತದೆ.

ಮ್ಯಾಡ್‌ನೆಸ್‌ನ ಎಲ್ಲ ಹಾಡೂ ಸ್ಕಾ ಅಲ್ಲ. ಎರಡನೇ ಆಲ್ಬಂನಿಂದಲೇ ಲಂಡನ್ನಿನ ಹಳೆಯ ಮ್ಯೂಸಿಕ್ ಹಾಲ್ (ಹಾಡು-ಹಾಸ್ಯದ ರಂಗಮಂದಿರ) ಧಾಟಿ ಮತ್ತು ಪಾಪ್ ಮುಂದೆ ಬಂದವು, ಬಾರ್ಸನ್‌ರ ಪಿಯಾನೊ ಮನೆಯ ಯಜಮಾನನಾಯಿತು. 1982ರ ನಂತರದ ರೆಕಾರ್ಡುಗಳನ್ನು ಕೂಡ ಸ್ಕಾ ಎಂದೇ ಬರೆದವರು ಅವನ್ನು ಕೇಳಿಲ್ಲವೆಂದೇ ಓದುಗರು ತಿಳಿಯುತ್ತಾರೆ.

"2 ಟೋನ್ ತಂಡ" ಎಂದು ಬರೆಯಬಹುದೇ?

ಅರ್ಧ ಸತ್ಯ. ದಿ ಸ್ಪೆಷಲ್ಸ್‌ನ ಜೆರ್ರಿ ಡ್ಯಾಮರ್ಸ್ ಕಾವೆಂಟ್ರಿಯಲ್ಲಿ ಕಟ್ಟಿದ 2 ಟೋನ್ ಕಂಪನಿಗೆ ಮ್ಯಾಡ್‌ನೆಸ್ ಕೊಟ್ಟದ್ದು ಒಂದೇ ಸಿಂಗಲ್ (ಬಿಡಿ ಹಾಡಿನ ತಟ್ಟೆ): 1979ರ ಆಗಸ್ಟಿನ 'ದಿ ಪ್ರಿನ್ಸ್', ಸಂಖ್ಯೆ ಸಿಎಚ್‌ಎಸ್ ಟಿಟಿ 3. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಏರಿತು. ಆ ವರ್ಷದ ಅಕ್ಟೋಬರ್ ಹೊತ್ತಿಗೆ ತಂಡ ಸ್ಟಿಫ್ ರೆಕಾರ್ಡ್ಸ್‌ನಲ್ಲಿತ್ತು. 2 ಟೋನ್ ಪ್ರವಾಸದಿಂದಲೂ ನಡುವೆಯೇ ಹೊರಬಂದಿತು. ಅದರ ಜಾಗಕ್ಕೆ ಡೆಕ್ಸಿಸ್ ಮಿಡ್‌ನೈಟ್ ರನ್ನರ್ಸ್ ಬಂದರು. "2 ಟೋನ್ ಮೂಲಕ ಬಂದ ತಂಡ" ಎನ್ನಿ, ಯಾರೂ ತಕರಾರು ಮಾಡುವುದಿಲ್ಲ.

ಮೊದಲ ಸಂಚಿಕೆಗೆ ಏನು ತುಂಬಿಸಬೇಕು?

ಬೇರೆಲ್ಲೂ ಸಿಗದ್ದು. ಸುದ್ದಿ ಈಗ ಫೋನಿನಲ್ಲಿ ಕ್ಷಣಕ್ಕೆ ಬರುತ್ತದೆ, ಮೂರು ತಿಂಗಳಿಗೊಮ್ಮೆ ಬರುವ ಕಾಗದ ಅದರ ಜೊತೆ ಓಡಲಾರದು. ಝೀನಿಗೆ ಒಪ್ಪುವ ಸರಕು ಬೇರೆ: ಒಂದೇ ಹಾಡನ್ನು ಹಿಡಿದು ಮೂರು ಪುಟ; ಒಂದು ಕಛೇರಿಯ ಹಾಡುಗಳ ಪೂರ್ತಿ ಅನುಕ್ರಮ; ಒಂದು ಸಿಂಗಲ್ಲಿನ ಬೇರೆ ಬೇರೆ ಅಚ್ಚುಗಳ ಹೋಲಿಕೆ; ಕ್ಯಾಮ್ಡೆನ್‌ನ ಪಾರ್ಕ್‌ವೇಯಲ್ಲಿ ತಂಡ ಶುರುವಿನಲ್ಲಿ ನುಡಿಸಿದ ಡಬ್ಲಿನ್ ಕ್ಯಾಸಲ್ ಪಬ್ಬಿನಿಂದ, 'ಆಬ್ಸಲ್ಯೂಟ್ಲಿ' ಆಲ್ಬಂನ ಮುಖಪುಟ ತೆಗೆದ ಚಾಕ್ ಫಾರ್ಮ್ ಮೆಟ್ರೊ ನಿಲ್ದಾಣದವರೆಗೆ ನಡೆದು ಹೋಗುವವರಿಗೊಂದು ನಕ್ಷೆ.

32 ಪುಟ ಅಂದುಕೊಂಡಿದ್ದರೆ 40 ಪುಟದ ಸರಕು ಕೈಯಲ್ಲಿರುವವರೆಗೆ ತಾರೀಖು ಘೋಷಿಸಬೇಡಿ. ಕೊಡುತ್ತೇನೆಂದ ಲೇಖನಗಳಲ್ಲಿ ಎಲ್ಲವೂ ಬರುವುದಿಲ್ಲ. ಮೊದಲ ಸಂಚಿಕೆ ಉತ್ಸಾಹದಲ್ಲಿ ಬಂದುಬಿಡುತ್ತದೆ, ಝೀನುಗಳು ಸಾಯುವುದು ಸಾಮಾನ್ಯವಾಗಿ ಎರಡನೆಯದು ಮತ್ತು ಮೂರನೆಯದರ ನಡುವೆ.

ಯಾವ ತಪ್ಪುಗಳಿಗೆ ಓದುಗರು ತಕ್ಷಣ ಪತ್ರ ಬರೆಯುತ್ತಾರೆ?

ಬರೆಯುವುದಲ್ಲ, ಬೈಯುತ್ತಾರೆ. ಕರಡು ತಿದ್ದುವವರ ಮೇಜಿನ ಮೇಲೆ ಇದು ಇರಲಿ.

ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋದ ಅವರ ಸಿಂಗಲ್ ಒಂದೇ, 1982ರ 'ಹೌಸ್ ಆಫ್ ಫನ್'. 'ಅವರ್ ಹೌಸ್' ಹೆಚ್ಚು ಜನಕ್ಕೆ ಗೊತ್ತು, ಆದರೆ ಅದು ನಿಂತದ್ದು 5ರಲ್ಲಿ. 1983ರಲ್ಲಿ ಅಮೆರಿಕದ ಪಟ್ಟಿಯಲ್ಲಿ 7. ಎರಡರಲ್ಲೂ 'ಹೌಸ್' ಇರುವುದರಿಂದ ಈ ಅದಲುಬದಲು ದೊಡ್ಡ ಪತ್ರಿಕೆಗಳಲ್ಲೂ ಆಗುತ್ತದೆ.

'ಒನ್ ಸ್ಟೆಪ್ ಬಿಯಾಂಡ್' ಶುರುವಿನ ಮಾತು ಸಗ್ಸ್ ಅವರದಲ್ಲ, ಚಾಸ್ ಸ್ಮ್ಯಾಶ್ ಅವರದು. ಹಾಡು ಮೂಲದಲ್ಲಿ ಪ್ರಿನ್ಸ್ ಬಸ್ಟರ್ ಅವರದು. ಆ ಹೆಸರಿನ ಆಲ್ಬಂ ಹೊರಟಾಗ ಸ್ಮ್ಯಾಶ್ ಇನ್ನೂ ಪೂರ್ತಿ ಸದಸ್ಯರಲ್ಲ, ಹಾಗಾಗಿಯೇ ಮುಖಪುಟದಲ್ಲಿ ರೈಲಿನಂತೆ ಒಬ್ಬರ ಹಿಂದೊಬ್ಬರು ನಿಂತ ಸಾಲಿನಲ್ಲಿ ಆರು ಜನ, ಅವರ ಕುಣಿತದ ಚಿತ್ರ ಹಿಂಬದಿಯಲ್ಲಿ. "ಮುಖಪುಟದ ಏಳು ಜನ" ಎಂದು ಬರೆದು ಸಿಕ್ಕಿಬಿದ್ದವರು ಬಹಳ.

'ಇಟ್ ಮಸ್ಟ್ ಬಿ ಲವ್' ಲ್ಯಾಬಿ ಸಿಫ್ರೆ ಅವರ 1971ರ ಹಾಡು. ಮ್ಯಾಡ್‌ನೆಸ್ ವಿಡಿಯೊದಲ್ಲಿ ಸಿಫ್ರೆ ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ. ಹಿನ್ನೆಲೆಯ ಯಾರೋ ಎಂದು ಚಿತ್ರಶೀರ್ಷಿಕೆ ಕೊಡಬೇಡಿ.

'7' ಎಂಬ ಆಲ್ಬಂ ಏಳನೆಯದಲ್ಲ, ಮೂರನೆಯದು. 1988ರ 'ದಿ ಮ್ಯಾಡ್‌ನೆಸ್' ಎಂಬುದು ನಾಲ್ಕೇ ಜನರ ಬೇರೆ ಹೆಸರಿನ ತಂಡ. ಹೆಸರಿನ ಮುಂದಿನ 'ದಿ' ಬಿಟ್ಟರೆ ಇಡೀ ವಾಕ್ಯ ತಪ್ಪಾಗುತ್ತದೆ. 1982ರ 'ಕಂಪ್ಲೀಟ್ ಮ್ಯಾಡ್‌ನೆಸ್', 1992ರ 'ಡಿವೈನ್ ಮ್ಯಾಡ್‌ನೆಸ್' ಎರಡೂ ಒಂದನೇ ಸ್ಥಾನ ಕಂಡವು, ಆದರೆ ಅವು ಸಂಕಲನಗಳು. ಹೊಸ ಹಾಡುಗಳ ಆಲ್ಬಂ ಒಂದು ಮೊದಲ ಸಲ ಆ ಸ್ಥಾನಕ್ಕೆ ಹೋದದ್ದು 2023ರ ನವೆಂಬರಿನಲ್ಲಿ, 'ಸೆ ಲಾ ವಿ'.

2012ರಲ್ಲಿ ಎರಡು ದೊಡ್ಡ ಪ್ರದರ್ಶನ: ಜೂನ್ 4ರಂದು ರಾಣಿಯ ಪಟ್ಟದ ವಜ್ರಮಹೋತ್ಸವಕ್ಕೆ ಬಕಿಂಗ್‌ಹ್ಯಾಂ ಅರಮನೆಯ ಮಾಳಿಗೆಯ ಮೇಲೆ, ಆಗಸ್ಟ್ 12ರಂದು ಒಲಿಂಪಿಕ್ಸ್ ಸಮಾರೋಪದಲ್ಲಿ. ಒಂದರ ಚಿತ್ರ ಇನ್ನೊಂದರ ವರದಿಗೆ ಅಂಟುತ್ತದೆ, ನೋಡಿಕೊಳ್ಳಿ.

ಇನ್ನು ತಾರೀಖು. ರೆಕಾರ್ಡ್ ಬಿಡುಗಡೆಯಾದ ದಿನ ಬೇರೆ, ಪಟ್ಟಿಗೆ ಹೊಕ್ಕ ವಾರ ಬೇರೆ, ಶಿಖರ ಮುಟ್ಟಿದ ವಾರ ಬೇರೆ. ಮೂರಕ್ಕೂ ಮೂರು ಕಾಲಂ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ. ಸಭಾಂಗಣಗಳಿಗೂ ಅಂದಿನ ಹೆಸರು ಬಳಸಿ: 1980ರ ವರದಿಯಲ್ಲಿ ಹ್ಯಾಮರ್‌ಸ್ಮಿತ್ ಓಡಿಯನ್ ಎಂದೇ ಇರಬೇಕು, ಅಪೊಲೊ ಎಂಬುದು ನಂತರ ಬಂದ ಹೆಸರು.

ಮ್ಯಾಡ್‌ಸ್ಟಾಕ್ ಭೂಕಂಪದ ಕಥೆ ಹಾಕಬಹುದೇ?

ಜನ ಒಟ್ಟಿಗೆ ಕುಣಿದು ಹತ್ತಿರದ ಎತ್ತರದ ಕಟ್ಟಡಗಳು ನಡುಗಿದವೆಂಬುದು ಆ ದಿನಗಳಿಂದಲೂ ಓಡಾಡುತ್ತಿರುವ ಮಾತು. ನಡುಕಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಾವಿರಾರು ಪಾದಗಳು ಒಂದೇ ಲಯದಲ್ಲಿ, ಸೆಕೆಂಡಿಗೆ ಎರಡು ಸಲದ ಆಸುಪಾಸು ನೆಲಕ್ಕೆ ಬಿದ್ದರೆ, ಆ ಲಯಕ್ಕೆ ಒಪ್ಪುವ ಕಟ್ಟಡ ತೂಗತೊಡಗುತ್ತದೆ. ಕಥೆಯ ಬಾಲಕ್ಕೆ ಅಂಟಿಕೊಂಡ ರಿಕ್ಟರ್ 4.5 ಎಂಬ ಅಂಕಿಯನ್ನು ಮಾತ್ರ ಕೈಬಿಡಿ. ಅಷ್ಟು ದೊಡ್ಡ ಕಂಪನವಾಗಿದ್ದರೆ ಫಿನ್ಸ್‌ಬರಿ ಪಾರ್ಕಿನ ನೆರೆಹೊರೆಗಷ್ಟೇ ಅಲ್ಲ, ಹಲವು ಜಿಲ್ಲೆಗಳಿಗೆ ಗೊತ್ತಾಗುತ್ತಿತ್ತು.

ಎಷ್ಟು ಪುಟ, ಯಾವ ಅಳತೆ?

ಎ4 ಹಾಳೆಯನ್ನು ಅರ್ಧಕ್ಕೆ ಮಡಿಸಿದರೆ ಬರುವ ಎ5, 148×210 ಮಿಲಿಮೀಟರ್. ಯಾವ ಜೆರಾಕ್ಸ್ ಯಂತ್ರದಲ್ಲೂ ಆಗುತ್ತದೆ, ಅಂಚೆಯಲ್ಲೂ ಕಡಿಮೆ ದರ. ಒಂದು ಹಾಳೆಗೆ ನಾಲ್ಕು ಪುಟ, ಆದ್ದರಿಂದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು: 28, 32, 36. ಒಂಬತ್ತು ಪಾಯಿಂಟ್ ಇಂಗ್ಲಿಷ್ ಅಕ್ಷರದಲ್ಲಿ ಒಂದು ಪುಟಕ್ಕೆ 350ರಿಂದ 400 ಪದ ಹಿಡಿಯುತ್ತದೆ.

ಒಳಪುಟಕ್ಕೆ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ), ರಕ್ಷಾಪುಟಕ್ಕೆ 160. ದಟ್ಟ ಕಪ್ಪು ಚಿತ್ರಗಳು ಹೆಚ್ಚಿದ್ದರೆ ಒಳಗೂ 100 ಹಾಕಿ, ಇಲ್ಲವಾದರೆ ಹಿಂದಿನ ಪುಟದ ಸಗ್ಸ್ ಮುಂದಿನ ಪುಟದ ಅಕ್ಷರಗಳ ನಡುವೆ ಇಣುಕುತ್ತಾರೆ.

ಪುಟಗಳ ಜೋಡಣೆ ಪ್ರತಿ ಸಲ ತಪ್ಪುತ್ತಿದೆ. ಸುಲಭ ಲೆಕ್ಕ ಇದೆಯೇ?

ಇದೆ. ಒಂದೇ ಮಗ್ಗುಲಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. 32 ಪುಟವಾದರೆ ಮೊತ್ತ 33. ಹೊರಹಾಳೆಯ ಹೊರಮಗ್ಗುಲಲ್ಲಿ 32 ಮತ್ತು 1, ಒಳಮಗ್ಗುಲಲ್ಲಿ 2 ಮತ್ತು 31. ಮುಂದಿನ ಹಾಳೆಯಲ್ಲಿ 30 ಮತ್ತು 3, 4 ಮತ್ತು 29. ನಡುಹಾಳೆಯಲ್ಲಿ 16 ಮತ್ತು 17 ಎದುರುಬದುರು ಬಂದರೆ ಲೆಕ್ಕ ಸರಿ. ಬೆಸ ಸಂಖ್ಯೆ ಯಾವಾಗಲೂ ಬಲಕ್ಕೆ.

ಲೆಕ್ಕ ಸರಿಯಿದ್ದೂ ಹಿಂಬದಿ ತಲೆಕೆಳಗಾಗಿ ಬಂದರೆ ತಪ್ಪು ಪ್ರಿಂಟರ್ ಆಯ್ಕೆಯದು. ಅಡ್ಡ ಇಟ್ಟ ಎ4ಗೆ ಎರಡೂ ಬದಿ ಮುದ್ರಣದಲ್ಲಿ "ಗಿಡ್ಡ ಅಂಚಿನ ಮೇಲೆ ತಿರುಗಿಸು" ಎಂಬುದನ್ನು ಆರಿಸಬೇಕು. ಯಂತ್ರ ತಾನಾಗಿ ಆರಿಸುವುದು ಉದ್ದ ಅಂಚನ್ನು. ನೂರು ಪ್ರತಿ ಹೊಡೆಸುವ ಮೊದಲು ಒಂದು ಪ್ರತಿ ತೆಗೆದು, ಮಡಿಸಿ, ಪುಟ ಮಗುಚಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ರಕ್ಷಾಪುಟಕ್ಕೆ ಕಪ್ಪು-ಬಿಳಿ ಚೌಕಳಿ ಹಾಕಬೇಕೆಂದಿದ್ದೇವೆ. ಅಂಚಿನಲ್ಲಿ ಓರೆಯಾಗಿ ಕಾಣುತ್ತದೆ, ಯಾಕೆ?

ಎಲ್ಲರಿಗೂ ಬೇಕು ಆ 2 ಟೋನ್ ಚೌಕಳಿ, ಎಲ್ಲರನ್ನೂ ಕಾಡುವುದೂ ಅದೇ. ಮೂರು ಕಾರಣ.

ಮೊದಲನೆಯದು ಬರೀ ಗಣಿತ. 148 ಮತ್ತು 210 ಎರಡನ್ನೂ ಸಮವಾಗಿ ಭಾಗಿಸುವ ದೊಡ್ಡ ಸಂಖ್ಯೆ 2. ಅಂದರೆ ಎ5 ಪುಟವನ್ನು ಪೂರ್ತಿ ತುಂಬುವಂತೆ ಹೊರಟರೆ ಎಲ್ಲೋ ಒಂದು ಕಡೆ ಚೌಕ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಎಡಬಲಕ್ಕೆ ತಲಾ 4 ಮಿಲಿಮೀಟರ್, ಮೇಲೆ ಕೆಳಗೆ ತಲಾ 5 ಬಿಟ್ಟುನೋಡಿ: ಉಳಿಯುವುದು 140×200, ಅದರಲ್ಲಿ 10 ಮಿಲಿಮೀಟರಿನ ಚೌಕ ಅಡ್ಡಕ್ಕೆ 14, ಉದ್ದಕ್ಕೆ 20 ಕರಾರುವಾಕ್ಕಾಗಿ ಕೂರುತ್ತವೆ. ಹೆಚ್ಚಿನ ಜೆರಾಕ್ಸ್ ಯಂತ್ರಗಳು ಅಂಚಿನ ನಾಲ್ಕೈದು ಮಿಲಿಮೀಟರಿಗೆ ಹೇಗೂ ಮಸಿ ಹಚ್ಚಲಾರವು, ಬೆನ್ನಿನ ಕಡೆ ಬಿಟ್ಟ ಬಿಳಿಯಿಂದ ಮಡಿಕೆಯಲ್ಲಿ ಟೋನರ್, ಅಂದರೆ ಯಂತ್ರದ ಮಸಿಪುಡಿ, ಒಡೆಯುವುದೂ ತಪ್ಪುತ್ತದೆ.

ಎರಡನೆಯದು ಕಟಿಂಗ್. ಯಂತ್ರದಲ್ಲಿ ಹಾಳೆ ಒಂದೂವರೆ ಮಿಲಿಮೀಟರ್ ಸರಿದರೂ ಬರಹದ ಪುಟದಲ್ಲಿ ಗೊತ್ತಾಗುವುದಿಲ್ಲ. ಚೌಕಳಿ ಅಂಚಿಗೆ ತಾಗಿದ್ದರೆ ಒಂದು ಸಾಲು ದಪ್ಪ, ಎದುರಿನದು ಸಣಕಲು. ಸುತ್ತ ಬಿಳಿ ಇದ್ದರೆ ಕಣ್ಣು ಅಷ್ಟನ್ನು ಮನ್ನಿಸುತ್ತದೆ.

ಮೂರನೆಯದು ಕಪ್ಪು. ಅಗಲವಾದ ಗಟ್ಟಿ ಕಪ್ಪನ್ನು ಸಾಧಾರಣ ಜೆರಾಕ್ಸ್ ನಡುವೆ ಮಾಸಲಾಗಿ, ಅಂಚಿನಲ್ಲಿ ಗಾಢವಾಗಿ ಹಾಕುತ್ತದೆ. 20 ಮಿಲಿಮೀಟರಿನ ಚೌಕಕ್ಕಿಂತ 10ರದ್ದು ಚೊಕ್ಕ. ಕಪ್ಪು ಹೋಗಲೆಂದು ಬೂದು ಕೊಟ್ಟರೆ ಯಂತ್ರ ಅದನ್ನು ಚುಕ್ಕಿಗಳಾಗಿ ಒಡೆದು ಇನ್ನೂ ಕೆಡಿಸುತ್ತದೆ.

ಚೌಕಳಿ ಯಾರ ಸ್ವತ್ತೂ ಅಲ್ಲ. ಅದರ ಪಕ್ಕ ನಿಲ್ಲುವ ಕಪ್ಪು ಕೋಟಿನ ಟೊಪ್ಪಿವಾಲ ವಾಲ್ಟ್ ಜಾಬ್ಸ್ಕೊ 2 ಟೋನ್ ಲಾಂಛನ, ಅವನನ್ನು ಎತ್ತಿಕೊಳ್ಳಬೇಡಿ.

ಹಳೆಯ ಪತ್ರಿಕೆಯ ಚಿತ್ರ ಸ್ಕ್ಯಾನ್ ಮಾಡಿದರೆ ಸೀರೆಯ ನೆರಿಗೆಯಂಥ ಅಲೆಗಳು ಬರುತ್ತವಲ್ಲ?

ಅಚ್ಚಾದ ಚಿತ್ರವೇ ಚುಕ್ಕಿಗಳ ಜಾಲ. ಅದರ ಮೇಲೆ ಸ್ಕ್ಯಾನರಿನ ಜಾಲ, ಆಮೇಲೆ ಪ್ರಿಂಟರಿನ ಜಾಲ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಾಕಿದಂತೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಚುಕ್ಕಿ ಕರಗುವಷ್ಟು ಮಾತ್ರ ಮಸುಕು ಕೊಟ್ಟು, 300ಕ್ಕೆ ಇಳಿಸಿ, ಕೊನೆಗೆ ತುಸು ಮೊನಚು ಮಾಡಿ. ಈ ಕ್ರಮ ಹಿಂದುಮುಂದಾದರೆ ಅಲೆ ಹೋಗುವುದಿಲ್ಲ.

ವೇದಿಕೆಯ ಚಿತ್ರಗಳದು ಬೇರೆ ತೊಂದರೆ. ಫೋನಿನಲ್ಲಿ ಚೆನ್ನಾಗಿ ಕಂಡ ಕತ್ತಲೆ ಜೆರಾಕ್ಸಿನಲ್ಲಿ ಮಸಿಮುದ್ದೆ. ಅತಿ ಗಾಢ ಭಾಗವನ್ನು ಶೇ. 85ರ ಬೂದಿಗೆ, ಅತಿ ತಿಳಿಯನ್ನು ಶೇ. 10ಕ್ಕೆ ತಂದುಕೊಳ್ಳಿ. ಪೂರ್ತಿ ಪುಟದ ಚಿತ್ರಕ್ಕೆ ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಸೇರಿ 154×216 ಮಿಲಿಮೀಟರ್, ಅಂದರೆ 300 ಡಿಪಿಐಗೆ ಸುಮಾರು 1820×2550 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಮೊದಲೇ ಹೇಳಿ.

ಮಡಿಕೆ, ಪಿನ್ನು?

ಎ4 ಜೆರಾಕ್ಸ್ ಕಾಗದದ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ, ಎ5ಗೆ ಮಡಿಸುವಾಗ ಆ ನಾರಿಗೆ ಅಡ್ಡಲಾಗಿ ಮಡಿಸುತ್ತೀರಿ. 80 ಜಿಎಸ್‌ಎಂ ಸಹಿಸಿಕೊಳ್ಳುತ್ತದೆ. 160ರ ರಕ್ಷಾಪುಟ ಒರಟಾಗಿ ಒಡೆದು ಬೆನ್ನು ಬಿಳಿಬಿಳಿ ಕಾಣುತ್ತದೆ. ಮೊದಲೇ ಸ್ಕೇಲ್ ಇಟ್ಟು ಖಾಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಅಂದರೆ ಕ್ರೀಸ್ ಮಾಡಿ, ಆಮೇಲೆ ಮಡಿಸಿ. ಎಲ್ಲ ಹಾಳೆ ಒಟ್ಟಿಗೆ ಮಡಿಸಬೇಡಿ. ಒಂದೊಂದಾಗಿ ಮಡಿಸಿ ಒಂದರೊಳಗೊಂದು ಸೇರಿಸಿದರೆ ಬೆನ್ನು ಚೂಪಾಗಿರುತ್ತದೆ.

ಮಾಮೂಲು ಸ್ಟೇಪ್ಲರಿನ ಬಾಯಿ ಬೆನ್ನಿನವರೆಗೆ ತಲುಪದು. ಉದ್ದಬಾಯಿಯದು, 300 ಮಿಲಿಮೀಟರಿನದು ಬೇಕು, 26/6ರ ಪಿನ್ ಸಾಕು. ಹೊರಗಿನಿಂದ ಒಳಕ್ಕೆ ಹೊಡೆಯಿರಿ, ಕಾಲುಗಳು ನಡುಪುಟದಲ್ಲಿ ಮಲಗಬೇಕು. ಮೇಲಿನಿಂದ 50 ಮಿಲಿಮೀಟರಿಗೊಂದು, ಕೆಳಗಿನಿಂದ 50ಕ್ಕೊಂದು. ಪಿನ್ ಮಡಿಕೆಯಿಂದ ಒಂದು ಮಿಲಿಮೀಟರ್ ಸರಿದರೂ ಪುಸ್ತಕ ಸೊಟ್ಟಗೆ ತೆರೆಯುತ್ತದೆ.

ಎಂಟು ಹಾಳೆ ಒಂದರೊಳಗೊಂದು ಕೂತಾಗ ಒಳಹಾಳೆಗಳು ಹೊರಹಾಳೆಗಿಂತ ಸುಮಾರು ಒಂದು ಮಿಲಿಮೀಟರ್ ಮುಂದಕ್ಕೆ ಚಾಚುತ್ತವೆ. ಕಟಿಂಗ್ ಮಾಡಿಸುವುದಾದರೆ ಪುಟಸಂಖ್ಯೆಯನ್ನು ಅಂಚಿನಿಂದ 10 ಮಿಲಿಮೀಟರ್ ಒಳಗಿಡಿ.

ನೂರು ಪ್ರತಿಗೆ ಎಷ್ಟು ಕಾಗದ ತರಲಿ?

ರಕ್ಷಾಪುಟ ಸೇರಿ 32 ಪುಟವೆಂದರೆ ಒಳಗೆ 7 ಹಾಳೆ, ಹೊರಗೆ 1. ಒಳಗಿನದು 700, ಹಾಳಾಗುವುದಕ್ಕೆ ಶೇ. 10 ಸೇರಿಸಿ 770: 500ರ ಎರಡು ರೀಮ್. ದಪ್ಪ ಕಾಗದ 110. ಎರಡೂ ಬದಿ ಸೇರಿ 1,600 ಪ್ರತಿಮುದ್ರೆ. ಅಂಗಡಿಯಲ್ಲಿ ದರ ಕೇಳುವಾಗ ಈ ಅಂಕಿ ಹೇಳಿ, ಹಾಳೆಯ ಲೆಕ್ಕವಲ್ಲ. ಮೊದಲ ಸಂಚಿಕೆಗೆ ನೂರಕ್ಕಿಂತ ಹೆಚ್ಚು ಬೇಡ. ಮುಗಿದರೆ ಮತ್ತೆ ಹೊಡೆಸಬಹುದು, ಉಳಿದದ್ದು ಮಂಚದ ಕೆಳಗೆ ಸೇರುತ್ತದೆ.

ಹಾಡಿನ ಸಾಹಿತ್ಯ ಪೂರ್ತಿ ಅಚ್ಚು ಹಾಕಬಹುದೇ?

ಇಲ್ಲ. ಬರೆದವರು ತೀರಿಕೊಂಡ 70 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ, ಇಲ್ಲಿ ಬರೆದವರು ಇನ್ನೂ ವೇದಿಕೆಯಲ್ಲಿ ಕುಣಿಯುತ್ತಿದ್ದಾರೆ. ವಿಮರ್ಶೆಗೆ ಬೇಕಾದಷ್ಟು, ಒಂದೆರಡು ಸಾಲು, ಮೂಲ ಹೇಳಿ ಉದ್ಧರಿಸಲು 1988ರ ಕಾಯ್ದೆಯ 30ನೇ ವಿಧಿ ಅವಕಾಶ ಕೊಡುತ್ತದೆ. ಹಾಡಿನ ಹೆಸರು, ಕಛೇರಿಯಲ್ಲಿ ಹಾಡಿದ ಅನುಕ್ರಮ, ಸಿಂಗಲ್ಲಿನ ಸಂಖ್ಯೆ ಇವೆಲ್ಲ ಬರೀ ಸಂಗತಿಗಳು, ಧಾರಾಳವಾಗಿ ಹಾಕಿ.

ಯಾವ ಹಾಡು ಯಾರದೆಂಬುದನ್ನು ಪ್ರತಿ ಸಲ ರೆಕಾರ್ಡಿನ ಲೇಬಲ್ಲಿನಿಂದಲೇ ನೋಡಿ ಬರೆಯಿರಿ. ಈ ತಂಡದಲ್ಲಿ ಬರೆಯುವವರು ಒಬ್ಬಿಬ್ಬರಲ್ಲ: 'ಮೈ ಗರ್ಲ್' ಬಾರ್ಸನ್, 'ಬ್ಯಾಗಿ ಟ್ರೌಸರ್ಸ್' ಸಗ್ಸ್ ಮತ್ತು ಫೋರ್‌ಮನ್, 'ಎಂಬ್ಯಾರಸ್‌ಮೆಂಟ್' ಥಾಂಪ್ಸನ್ ಮತ್ತು ಬಾರ್ಸನ್, 'ಅವರ್ ಹೌಸ್' ಸ್ಮ್ಯಾಶ್ ಮತ್ತು ಫೋರ್‌ಮನ್. ಎಲ್ಲವನ್ನೂ ಸಗ್ಸ್ ತಲೆಗೆ ಕಟ್ಟುವುದು ಹೊರಗಿನವರ ಅಭ್ಯಾಸ.

1980ರ ಪತ್ರಿಕೆಯ ಪುಟವನ್ನು ಹಾಗೇ ನಕಲು ತೆಗೆದು ಹಾಕಿದರೆ?

ಪುಟದ ವಿನ್ಯಾಸದ ಮೇಲಿನ ಹಕ್ಕು 25 ವರ್ಷಕ್ಕೆ ಮುಗಿಯುತ್ತದೆ. ಒಳಗಿನ ಬರಹದ್ದೂ ಚಿತ್ರದ್ದೂ ಮುಗಿಯುವುದಿಲ್ಲ. ಛಾಯಾಗ್ರಾಹಕರಿಗೆ ಬರೆದು ಕೇಳಿ, ಒಪ್ಪಿಗೆಯ ಉತ್ತರವನ್ನು ಇಟ್ಟುಕೊಳ್ಳಿ. ಹೊಡೆಸುವುದು ನೂರು ಪ್ರತಿ ಎಂದು ತಿಳಿಸಿದರೆ ಒಪ್ಪುವವರು ಇರುತ್ತಾರೆ.

ಪತ್ರಿಕೆಯ ಹೆಸರಿನಲ್ಲಿ ತಂಡದ ಹೆಸರು ಇರಬಹುದೇ?

ತಂಡದ ಕುರಿತಾದದ್ದು ಎಂದು ತಿಳಿಸುವುದಕ್ಕೆ ಬಳಸಬಹುದು. ಅವರದೇ ಪತ್ರಿಕೆ ಎಂಬ ಭ್ರಮೆ ಹುಟ್ಟಿಸಬಾರದು. "ಅನಧಿಕೃತ" ಎಂದು ರಕ್ಷಾಪುಟದಲ್ಲೇ ಹಾಕಿ, ತಂಡದ ಲಾಂಛನದ ನಕಲು ಬೇಡ.

ನ್ಯಾಷನಲ್ ಫ್ರಂಟ್ ವಿಷಯ ಎತ್ತಬೇಕೇ? ಅಭಿಮಾನಿ ಪತ್ರಿಕೆಗೆ ಅದು ಬೇಕಾ?

ಬೇಕು. ಕಪ್ಪು ಜಮೈಕಾದ ಸಂಗೀತವನ್ನು ಏಳು ಬಿಳಿ ಹುಡುಗರು ನುಡಿಸುತ್ತಿದ್ದಾಗ, ನ್ಯಾಷನಲ್ ಫ್ರಂಟ್‌ನಂಥ ವರ್ಣದ್ವೇಷದ ಪಕ್ಷಗಳ ಬೋಳುತಲೆಯ ಹಿಂಬಾಲಕರು ಅವರ ಕಛೇರಿಗಳಿಗೆ ನುಗ್ಗಿದ್ದು ನಡೆದ ಸಂಗತಿ. ದಿ ಸ್ಪೆಷಲ್ಸ್, ದಿ ಸೆಲೆಕ್ಟರ್‌ನಂಥ ಕಪ್ಪು-ಬಿಳಿ ಬೆರೆತ ತಂಡಗಳ ಪಕ್ಕದಲ್ಲಿ ಇದು ಇನ್ನಷ್ಟು ಎದ್ದು ಕಂಡಿತು, ಪತ್ರಿಕೆಗಳು ತಂಡವನ್ನೇ ಪ್ರಶ್ನಿಸಿದವು. 1980ರ 'ವರ್ಕ್, ರೆಸ್ಟ್ ಆ್ಯಂಡ್ ಪ್ಲೇ' ಇಪಿಯಲ್ಲಿರುವ (ಆಲ್ಬಂಗಿಂತ ಚಿಕ್ಕ ತಟ್ಟೆ) 'ಡೋಂಟ್ ಕೋಟ್ ಮಿ ಆನ್ ದಟ್' ಅದಕ್ಕೆ ಕೊಟ್ಟ ಉತ್ತರ. ಅದೇ ವರ್ಷದ 'ಎಂಬ್ಯಾರಸ್‌ಮೆಂಟ್' ಥಾಂಪ್ಸನ್ ಅವರ ಮನೆಯೊಳಗಿನದೇ ಮಾತು: ಮಿಶ್ರವರ್ಣದ ಮಗು ಹುಟ್ಟಲಿದೆ ಎಂದಾಗ ನೆಂಟರು ತಿರುಗಿಸಿದ ಮುಖ. ಈ ಎರಡನ್ನು ಅಕ್ಕಪಕ್ಕ ಇಟ್ಟು ಬರೆದ ನಾಲ್ಕು ಪುಟ, ಇಪ್ಪತ್ತು ಕಛೇರಿ ವರದಿಗಿಂತ ಹೆಚ್ಚು ಬಾಳುತ್ತದೆ. ಮುಚ್ಚಿಟ್ಟರೆ ತಂಡಕ್ಕೂ ಉಪಕಾರವಿಲ್ಲ.

ಸಂದರ್ಶನ ಸಿಕ್ಕಿತು, ಅರ್ಧ ಗಂಟೆ. ಎಷ್ಟು ಪುಟ ಮೀಸಲಿಡಲಿ?

ನಿಮಿಷಕ್ಕೆ 150 ಪದವೆಂದರೂ 4,500 ಪದ, ಅಂದರೆ 12 ಪುಟ. ಮೂರನೇ ಒಂದಕ್ಕೆ ಇಳಿಸಿ ನಾಲ್ಕು ಪುಟ ಮಾಡಿ. ಕೇಳಿ ಬರೆದುಕೊಳ್ಳುವುದಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ಎರಡು ಯಂತ್ರದಲ್ಲಿ ಧ್ವನಿಮುದ್ರಿಸಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಮಾನನಷ್ಟ ದಾವೆಗೆ ಪ್ರಕಟಣೆಯಿಂದ ಒಂದು ವರ್ಷದ ಗಡುವು. ಮುದ್ರಿಕೆಯನ್ನು ಅದಕ್ಕಿಂತ ಮೊದಲು ಅಳಿಸಬೇಡಿ. ಹೆಸರು ಹೇಗೆ ಬಂತು ಎಂದು ಕೇಳಬೇಡಿ, ನಾಲ್ಕು ದಶಕದಿಂದ ಅದಕ್ಕೇ ಉತ್ತರ ಕೊಡುತ್ತಿದ್ದಾರೆ. ಒಂದು ರೆಕಾರ್ಡಿನ ಒಂದು ವಾದ್ಯದ ಬಗ್ಗೆ ಕೇಳಿ, ಮಾತು ತಾನೇ ಬಿಚ್ಚಿಕೊಳ್ಳುತ್ತದೆ.

ಅಂಚೆ ಖರ್ಚು ಯಾಕೆ ಲೆಕ್ಕ ಮೀರುತ್ತದೆ?

ಬ್ಯಾಡ್ಜ್‌ನಿಂದ. ರಾಯಲ್ ಮೇಲ್‌ನಲ್ಲಿ ಸಾದಾ ಪತ್ರದ ದರಕ್ಕೆ ಮಿತಿ 240×165 ಮಿಲಿಮೀಟರ್, 5 ಮಿಲಿಮೀಟರ್ ದಪ್ಪ, 100 ಗ್ರಾಂ. ಸಿ5 ಲಕೋಟೆ 229×162, ಸರಿಯಾಗಿ ಒಳಗೆ ಬೀಳುತ್ತದೆ. 80 ಜಿಎಸ್‌ಎಂ ಎ4 ಹಾಳೆಯ ತೂಕ 5 ಗ್ರಾಂ, 160ರದ್ದು 10. ನಮ್ಮ 32 ಪುಟದ ಪ್ರತಿ 45 ಗ್ರಾಂ, ಲಕೋಟೆ ಸೇರಿ 55ರೊಳಗೆ. 64 ಪುಟದವರೆಗೂ 100 ಗ್ರಾಂ ದಾಟದು. ಆದರೆ ಪುಕ್ಕಟೆ ಕೊಡುವ 25 ಮಿಲಿಮೀಟರಿನ ಪಿನ್ ಬ್ಯಾಡ್ಜ್ ಒಳಗೆ ಬಿದ್ದ ಕೂಡಲೇ ದಪ್ಪ 5 ಮಿಲಿಮೀಟರ್ ಮೀರಿ ಲಕೋಟೆ "ದೊಡ್ಡ ಪತ್ರ" ಆಗುತ್ತದೆ. ಕಡಿಮೆ ಸ್ಟಾಂಪ್ ಹಚ್ಚಿದ್ದರೆ ದಂಡ ಕಟ್ಟುವವರು ನಿಮ್ಮ ಓದುಗರು. ಬ್ಯಾಡ್ಜ್ ಬದಲು ಚಪ್ಪಟೆ ಸ್ಟಿಕ್ಕರ್ ಕೊಡಿ. ಬೆಂಗಳೂರಿಗೋ ಟೊರಾಂಟೊಗೋ ಕಳಿಸುವಾಗ ಬ್ಯಾಡ್ಜ್, ಟೀಶರ್ಟಿನಂಥ ಸಾಮಾನು ಜೊತೆಗಿದ್ದರೆ ಕಸ್ಟಮ್ಸ್ ಚೀಟಿಯೂ ಹಚ್ಚಬೇಕು.

ವರ್ಷದ ಚಂದಾ ತೆಗೆದುಕೊಳ್ಳಬಹುದೇ?

ವರ್ಷಕ್ಕೆ ಬೇಡ, ಸಂಚಿಕೆಗಳ ಲೆಕ್ಕಕ್ಕೆ ತೆಗೆದುಕೊಳ್ಳಿ: "ಮುಂದಿನ ನಾಲ್ಕು ಸಂಚಿಕೆ". ತಡವಾದರೂ ಮಾತು ತಪ್ಪಿದಂತಾಗುವುದಿಲ್ಲ. ಆ ಹಣವನ್ನು ಬೇರೆ ಖಾತೆಯಲ್ಲಿಡಿ. ನಾಲ್ಕನೇ ಸಂಚಿಕೆಯ ದುಡ್ಡಿನಲ್ಲಿ ಮೊದಲನೆಯದನ್ನು ಅಚ್ಚು ಹಾಕಿಸಿದವರಿಗೆ ನಾಲ್ಕನೆಯದು ತರಲು ಆಗಿಲ್ಲ. ಚಂದಾದಾರರ ವಿಳಾಸ ಕಾನೂನಿನ ಕಣ್ಣಲ್ಲಿ ವೈಯಕ್ತಿಕ ಮಾಹಿತಿ. ಅಂಚೆಗಲ್ಲದೆ ಬೇರೆ ಯಾವುದಕ್ಕೂ ಬಳಸಬೇಡಿ, ಚಂದಾ ಮುಗಿದ ಮೇಲೆ ಅಳಿಸಿ.

ಬ್ರಿಟಿಷ್ ಲೈಬ್ರರಿಗೆ ಕೊಡಬೇಕಂತೆ, ನಿಜವೇ?

ನಿಜ. 2003ರ ಕಾಯ್ದೆಯಂತೆ ಪ್ರಕಟವಾದ ಒಂದು ತಿಂಗಳೊಳಗೆ ಒಂದು ಪ್ರತಿ. ಜೆರಾಕ್ಸ್ ಪತ್ರಿಕೆಗೂ ಇದು ಅನ್ವಯ. ಐಎಸ್‌ಎಸ್‌ಎನ್, ಅಂದರೆ ನಿಯತಕಾಲಿಕೆಯ ಗುರುತಿನ ಸಂಖ್ಯೆಯನ್ನೂ ಅಲ್ಲಿಂದಲೇ ಉಚಿತವಾಗಿ ಪಡೆಯಬಹುದು. ಪತ್ರಿಕೆಯ ಹೆಸರು ಬದಲಿಸಿದರೆ ಹೊಸ ಸಂಖ್ಯೆ ಬೇಕಾಗುತ್ತದೆ.

ಕನ್ನಡದಲ್ಲಿ ಒಂದು ಪುಟ ಹಾಕಬೇಕೆಂದರೆ?

ಒಂಬತ್ತು ಪಾಯಿಂಟ್ ಸಾಲದು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. 10.5 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲಂತರ ಕೊಡಿ. ಹಳೆಯ ನುಡಿ ಫಾಂಟಿನ ಕಡತ ಬಂದರೆ ಯುನಿಕೋಡಿಗೆ ಬದಲಿಸಿಕೊಂಡು, ಪಿಡಿಎಫ್‌ನಲ್ಲಿ ಫಾಂಟ್ ಹುದುಗಿಸಿ. ಅಲ್ಲಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಒಡೆದು ಚೆಲ್ಲಾಪಿಲ್ಲಿಯಾದರೂ ಅಲ್ಲಿ ಗುರುತಿಸುವವರಿಲ್ಲ. ಹೆಸರುಗಳನ್ನು ಉಚ್ಚಾರದಂತೆ ಬರೆಯಿರಿ. ಚಾಸ್ ಸ್ಮ್ಯಾಶ್ ಅವರ ನಿಜ ಹೆಸರನ್ನು ಇಂಗ್ಲಿಷ್ ಕಾಗುಣಿತ ನೋಡಿ ಕ್ಯಾಥಲ್ ಎನ್ನುತ್ತೇವೆ. ಅದು ಐರಿಷ್ ಹೆಸರು, ಕಹಲ್ ಸ್ಮೈತ್.

'ದಿ ಪ್ರಿನ್ಸ್' ಮೂಲ ಬ್ರಿಟಿಷ್ ಅಚ್ಚು, ಚಿತ್ರದ ಲಕೋಟೆ ಸಮೇತ ಎಂಬ ಜಾಹೀರಾತು ಬಂದಿದೆ. ಹಾಕೋಣವೇ?

ಬೇಡ. 1979ರ ಬ್ರಿಟಿಷ್ ಅಚ್ಚು ಬಂದದ್ದು 2 ಟೋನ್ ಕಂಪನಿಯ ಸಾಮಾನ್ಯ ಲಕೋಟೆಯಲ್ಲಿ, ಚಿತ್ರದ ಲಕೋಟೆ ಇರುವುದು ಹೊರದೇಶದ ಅಚ್ಚುಗಳಿಗೆ. ಮಾರುವವರಿಂದ ಲೇಬಲ್ಲಿನ ಚಿತ್ರ, ತಟ್ಟೆಯ ಒಳಅಂಚಿನಲ್ಲಿ ಗೀಚಿದ ಮ್ಯಾಟ್ರಿಕ್ಸ್ ಸಂಖ್ಯೆ ಎರಡನ್ನೂ ತರಿಸಿಕೊಳ್ಳಿ. ಸ್ಟಿಫ್ ಸಿಂಗಲ್ಲುಗಳಿಗೆ ಬಿಯುವೈ ಸರಣಿ ನೋಡಿ: 'ಒನ್ ಸ್ಟೆಪ್ ಬಿಯಾಂಡ್' 56, 'ಬ್ಯಾಗಿ ಟ್ರೌಸರ್ಸ್' 84, 'ಹೌಸ್ ಆಫ್ ಫನ್' 146, 'ಅವರ್ ಹೌಸ್' 163. ಸಂಖ್ಯೆ ಕೊಡಲು ಹಿಂಜರಿಯುವವರ ಜಾಹೀರಾತಿನ ಹಣ ವಾಪಸ್ ಕಳಿಸಿಬಿಡಿ.

ಹಳೆಯ ಸಂಚಿಕೆಗಳನ್ನು ಹೇಗಿಡಬೇಕು?

ಮಲಗಿಸಿ, ತೇವವಿಲ್ಲದ ಕಡೆ. ಪ್ಲಾಸ್ಟಿಕ್ ಹಾಕುವುದಾದರೆ ಪಾಲಿಪ್ರೊಪಿಲೀನ್ ಮಾತ್ರ. ಪಿವಿಸಿ ಕವರು ಟೋನರನ್ನು ಎಳೆದುಕೊಂಡು ಅಕ್ಷರ ಸಮೇತ ಅಂಟಿಕೊಳ್ಳುತ್ತದೆ. ಪಿನ್ ತುಕ್ಕು ಹಿಡಿದಿದ್ದರೆ ನಡುಪುಟ ತೆರೆದು, ಕಾಲುಗಳನ್ನು ಚಪ್ಪಟೆ ಉಪಕರಣದಿಂದ ನೆಟ್ಟಗೆ ಮಾಡಿ, ಹೊರಗಿನಿಂದ ಎಳೆಯಿರಿ. ಅದೇ ತೂತುಗಳಲ್ಲಿ ಹತ್ತಿದಾರ ಹಾಯಿಸಿ ನಡುಪುಟದಲ್ಲಿ ಗಂಟು ಹಾಕಿದರೆ ಸಾಕು, ಹೊಸ ಪಿನ್ ಹೊಡೆಯಬೇಡಿ.